ಗ್ರ್ಯಾಂಡ್ ಪಿಯಾನೊದ ಆಕ್ಷನ್‌ನಲ್ಲಿ ಕೇಳಿಬರುವ ಟಕಟಕ ಸದ್ದನ್ನು ತಗ್ಗಿಸುವುದು

[ದೃಶ್ಯ: ಮುಚ್ಚಳ ತೆರೆದ ಗ್ರ್ಯಾಂಡ್ ಪಿಯಾನೊ. ಒಂದೇ ಕೀಯನ್ನು ಬೆರಳು ಮತ್ತೆ ಮತ್ತೆ ಒತ್ತುತ್ತಿದೆ.]

ನಮಸ್ಕಾರ. ಪಿಯಾನೊದ 88 ಕೀಗಳಲ್ಲಿ ಪ್ರತಿಯೊಂದರ ಹಿಂದೆಯೂ ಮರ, ಲೋಹ, ಚರ್ಮ ಮತ್ತು ಫೆಲ್ಟ್‌ನಿಂದಾದ (ಒತ್ತಿ ಮಾಡಿದ ಉಣ್ಣೆಯ ಬಟ್ಟೆ) ಹತ್ತಾರು ಬಿಡಿಭಾಗಗಳು ಕೆಲಸ ಮಾಡುತ್ತವೆ; ಕೀಯ ಒತ್ತನ್ನು ತಂತಿಗೆ ಮುಟ್ಟಿಸುವ ಈ ಇಡೀ ಜೋಡಣೆಯೇ ಆಕ್ಷನ್. ಇವುಗಳಲ್ಲಿ ಎಲ್ಲಾದರೂ ಫೆಲ್ಟ್ ಸವೆದು ಗಟ್ಟಿ ವಸ್ತುವಿಗೆ ಗಟ್ಟಿ ವಸ್ತು ನೇರವಾಗಿ ತಾಗಿದರೆ, ಇಲ್ಲವೇ ಬಿಗಿಯಾಗಿರಬೇಕಾದ ಜೋಡಣೆ ಸಡಿಲಗೊಂಡರೆ, ನಾದದ ಜೊತೆಗೆ ಟಕ್ಕೆನ್ನುವ ಸದ್ದೂ ಕೇಳತೊಡಗುತ್ತದೆ. ಹೊಸ ಫೆಲ್ಟ್ ಅಂಟಿಸುವ ಆತುರ ಬೇಡ; ಸದ್ದು ಯಾವ ಕ್ಷಣದಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು.

ತಂತಿಗಳ ಮೇಲೆ ದಪ್ಪ ಫೆಲ್ಟ್ ಪಟ್ಟಿಯನ್ನು ಹಾಸಿ ನಾದವನ್ನು ಅಡಗಿಸಿ, ಕೀಯನ್ನು ಬಹಳ ನಿಧಾನವಾಗಿ ಒತ್ತಿ. ಕೀ ತಳ ಮುಟ್ಟುವ ತುಸು ಮೊದಲೇ ಸದ್ದು ಬಂದರೆ ತಂತಿಗೆ ಬಡಿಯುವ ಹ್ಯಾಮರ್‌ನಿಂದ, ಅದನ್ನು ಮೇಲಕ್ಕೆ ತಳ್ಳುವ ಜ್ಯಾಕ್ ಜಾರಿಕೊಳ್ಳುವ ಜಾಗವನ್ನು ಶಂಕಿಸಬೇಕು. ತಳ ಮುಟ್ಟಿದಾಗ ಬಂದರೆ ಕೀಯ ಮುಂಭಾಗದ ಕೆಳಗಿರುವ ಫೆಲ್ಟ್ ಬಿಲ್ಲೆಯನ್ನು ಅಥವಾ ಕೀಗಳನ್ನು ಹೊತ್ತಿರುವ ಚೌಕಟ್ಟಾದ ಕೀ ಫ್ರೇಮ್ ಅನ್ನು, ಬೆರಳು ಬಿಟ್ಟಾಗ ಬಂದರೆ ಕೀಯ ಹಿಂತುದಿ ಕೂರುವ ಬಟ್ಟೆಯನ್ನು ನೋಡಬೇಕು.

[ದೃಶ್ಯ: ಹೊರತೆಗೆದ ಆಕ್ಷನ್. ಫ್ಲೇಂಜ್ ಸ್ಕ್ರೂಗಳು ಹತ್ತಿರದಿಂದ.]

ಆಕ್ಷನ್ ಹೊರಗೆಳೆಯುವಾಗ ಯಾವ ಕೀಯನ್ನೂ ಒತ್ತಕೂಡದು, ಏಕೆಂದರೆ ಮೇಲೆದ್ದ ಹ್ಯಾಮರ್ ಒಳಗೆ ತಡೆದು ಅದರ ದಂಟು ಮುರಿಯುತ್ತದೆ. ಹೊರತೆಗೆದ ಮೇಲೆ ಮೊದಲ ಕೆಲಸ ಸ್ಕ್ರೂಗಳದ್ದು. ಒಣ ಹವೆಯಲ್ಲಿ ಮರ ಕುಗ್ಗುವುದರಿಂದ ಫ್ಲೇಂಜ್‌ಗಳನ್ನು, ಅಂದರೆ ಹ್ಯಾಮರ್‌ನಂಥ ಚಲಿಸುವ ಭಾಗಗಳ ಕೀಲುಗಳನ್ನು, ಹಿಡಿದಿರುವ ಸ್ಕ್ರೂಗಳು ಸಡಿಲವಾಗುತ್ತವೆ. ಅವನ್ನು ಹದವಾಗಿ ಬಿಗಿಗೊಳಿಸಬೇಕೇ ಹೊರತು ಬಲ ಹಾಕಿ ತಿರುಗಿಸಿದರೆ ಮರದಲ್ಲಿನ ಹಿಡಿತವೇ ಹಾಳಾಗುತ್ತದೆ. ಅದಾದ ಮೇಲೂ ಹ್ಯಾಮರ್ ಅಕ್ಕಪಕ್ಕಕ್ಕೆ ಅಲುಗಾಡುತ್ತಿದ್ದರೆ ಅದು ತಿರುಗುವ ಸಣ್ಣ ಅಚ್ಚಾದ ಸೆಂಟರ್ ಪಿನ್ ಸಡಿಲವಾಗಿದೆ ಎಂದರ್ಥ, ಸುಮಾರು 1.3 ಮಿ.ಮೀ. ದಪ್ಪದ ಈ ಪಿನ್‌ನ ಜಾಗಕ್ಕೆ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪದ ಇನ್ನೊಂದನ್ನು ಕೂರಿಸುವುದು ನುರಿತ ತಂತ್ರಜ್ಞರ ಕೆಲಸ.

ಕೀ ಫ್ರೇಮ್‌ನ ತೊಂದರೆ ಹೆಚ್ಚು ಮೋಸಗೊಳಿಸುವಂಥದ್ದು. ಫ್ರೇಮ್ ತನ್ನ ಕೆಳಗಿನ ಹಲಗೆಯ ಮೇಲೆ ಸಂಪೂರ್ಣವಾಗಿ ಕೂರದಿದ್ದರೆ, ಜೋರಾಗಿ ನುಡಿಸಿದಾಗಲೆಲ್ಲ ಗುದ್ದಿದಂಥ ಸದ್ದು ಬರುತ್ತದೆ, ಆದರೆ ಒಂದೊಂದೇ ಕೀಯನ್ನು ಪರೀಕ್ಷಿಸಿದರೆ ತಪ್ಪು ಸಿಗುವುದಿಲ್ಲ. ಆಕ್ಷನ್ ಮರಳಿ ಒಳಗಿಟ್ಟು, ಫ್ರೇಮ್‌ನ ಮುಂಪಟ್ಟಿಯನ್ನು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರೆ ಅಂತರವಿರುವ ಜಾಗದಲ್ಲಿ ಸದ್ದು ಬದಲಾಗುತ್ತದೆ. ಫ್ರೇಮ್‌ನ ನಡುಪಟ್ಟಿಗೆ ಆಧಾರವಾಗಿ ಹಲಗೆಯ ಮೇಲೆ ನಿಲ್ಲುವ ಗ್ಲೈಡ್ ಬೋಲ್ಟ್‌ಗಳು ಹಲಗೆಗೆ ತಾಗಿಯೂ ತಾಗದಂತಿದ್ದರೂ ಸದ್ದು, ಅತಿಯಾಗಿ ಇಳಿದು ಫ್ರೇಮ್ ಅನ್ನೇ ಎತ್ತಿಹಿಡಿದರೂ ಸದ್ದು. ಎಡ ಪೆಡಲ್ ಒತ್ತಿದಾಗ ಫ್ರೇಮ್ ಪಕ್ಕಕ್ಕೆ ಸರಿಯುವುದರಿಂದ ಆ ಸ್ಥಿತಿಯಲ್ಲಿಯೂ ಇದೇ ಪರೀಕ್ಷೆ ಆಗಲೇಬೇಕು.

[ದೃಶ್ಯ: ಹ್ಯಾಮರ್ ದಂಟಿನ ಅಡಿಯಲ್ಲಿರುವ ಚರ್ಮ ಹೊದಿಸಿದ ನಕಲ್.]

ಟಕಟಕ ಅಲ್ಲದೆ ಕಿರುಗುಟ್ಟುವ ಸದ್ದಾದರೆ ಜ್ಯಾಕ್ ತಳ್ಳುವ ಪುಟ್ಟ ಉರುಳೆಯಾದ ನಕಲ್‌ನ (knuckle) ಈ ಚರ್ಮದ ಮೇಲೆ ಚಿಟಿಕೆ ಟೆಫ್ಲಾನ್ ಪುಡಿ ಸವರಬಹುದು. ಎಣ್ಣೆಯನ್ನಂತೂ ಎಲ್ಲಿಯೂ ಹಾಕಬೇಡಿ. ಅದು ಫೆಲ್ಟ್‌ಗೆ ಇಳಿದು ಧೂಳು ಹಿಡಿಯುತ್ತದೆ, ಮರಳಿ ತೆಗೆಯಲು ಬರುವುದಿಲ್ಲ. ಪೆಡಲ್‌ಗಳ ಸದ್ದು ಬೇರೆಯದೇ ವಿಷಯ, ಇಲ್ಲಿ ಅದನ್ನು ಮುಟ್ಟುವುದಿಲ್ಲ.

ಫೆಲ್ಟ್ ಬಿಲ್ಲೆಗಳನ್ನು ಬದಲಿಸುವವರಿಗೆ ಒಂದು ಎಚ್ಚರಿಕೆ: ಕೀ ಕೆಳಗಿಳಿಯುವ ಆಳ ಸುಮಾರು 10 ಮಿ.ಮೀ. ಮಾತ್ರ. ಬಿಲ್ಲೆ ಸ್ವಲ್ಪ ದಪ್ಪವಾದರೂ ಆ ಆಳ ಕಡಿಮೆಯಾಗಿ ಜ್ಯಾಕ್ ಪೂರ್ತಿ ಜಾರಿಕೊಳ್ಳದೆ ಹೋಗಬಹುದು. ಆದ್ದರಿಂದ ಬಿಲ್ಲೆ ಹಾಕಿದ ಬಳಿಕ ಪ್ರತಿ ಕೀಯ ಆಳವನ್ನೂ ಮತ್ತೆ ಅಳೆದೇ ಆಕ್ಷನ್ ಹೊಂದಿಸಬೇಕು.