ಪ್ಲಗ್ ಕೂತರೆ ಕೆಲಸ ಮುಗೀತಾ?

ಸೂಟ್‌ಕೇಸ್ ಬಿಚ್ಚಿ ಎಲ್ಲವನ್ನೂ ನೆಲದ ಮೇಲೆ ಹರಡಿದ್ದೇನೆ, ನೋಡಿ. ಲ್ಯಾಪ್‌ಟಾಪ್ ಚಾರ್ಜರ್, ಟ್ರಿಮ್ಮರ್, ಕೆಟಲ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಒಂದು ಟೇಬಲ್ ಲ್ಯಾಂಪ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಇವೆಲ್ಲ 230 ವೋಲ್ಟಿನ ಮನೆಯಿಂದ ಬಂದವು. ಈಗಿರುವ ಮನೆಯ ಗೋಡೆಯಲ್ಲಿ ಬರುವುದು 120 ವೋಲ್ಟ್. ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ಜಾಗ ತಿನ್ನುತ್ತದೆ ಅಂತ ಒಂದೊಂದಾಗಿ ನೋಡೋಣ.

ವಿದೇಶಕ್ಕೆ ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದೇ ಪ್ಲಗ್ ಬಗ್ಗೆ. ಅಲ್ಲಿ ಎರಡು ಚಪ್ಪಟೆ ಪಿನ್ನು, ಇಲ್ಲಿ ಮೂರು ದುಂಡು ಪಿನ್ನು, ಯಾವ ಅಡಾಪ್ಟರ್ ತಗೊಳ್ಳಲಿ ಅಂತ. ನನ್ನ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಚಿಕ್ಕ ತೊಂದರೆ. ಪ್ಲಗ್ ಕೂರದಿದ್ದರೆ ಏನೂ ಆಗುವುದಿಲ್ಲ. ಕೂತ ಮೇಲೆ ಏನಾಗುತ್ತದೆ ಅನ್ನುವುದನ್ನು ನೋಡಬೇಕು.

ಈ ಚಾರ್ಜರನ್ನು ಕ್ಯಾಮೆರಾ ಹತ್ತಿರ ತರುತ್ತೇನೆ. ಅಡಿಯಲ್ಲಿ ಇರುವೆ ಸಾಲಿನ ಹಾಗೆ ಅಕ್ಷರಗಳಿವೆ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ಓದಬಹುದು. ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್. ಈ ಒಂದು ಸಾಲು ಇದ್ದರೆ ಆ ವಸ್ತು ಜಗತ್ತಿನ ಯಾವ ಮನೆಯಲ್ಲಾದರೂ ನಡೆಯುತ್ತದೆ. ಬರೀ 220-240 ಅಂತಿದ್ದರೆ ಅದು ಆ ವೋಲ್ಟೇಜಿಗೆ ಮಾತ್ರ. ಹರ್ಟ್ಜ್ ಅಂದರೆ ಗೋಡೆಯ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ-ಮುಂದೆ ಆಡುತ್ತದೆ ಅನ್ನುವ ಲೆಕ್ಕ.

ಚಾರ್ಜರ್‌ಗೆ ಯಾಕೆ ಇಷ್ಟು ಸಲೀಸು ಅಂದರೆ, ಗೋಡೆಯಿಂದ ಬರುವ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟನ್ನು, ಅದು ಮೊದಲು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತಾ, ತನಗೆ ಬೇಕಾದಷ್ಟೇ ವೋಲ್ಟೇಜ್ ತೆಗೆಯುತ್ತದೆ. ಒಳಗೆ ಬರುವುದು 100 ಆಗಲಿ, 240 ಆಗಲಿ, ಹೊರಗೆ ಹೋಗುವುದು ಅಷ್ಟೇ. ಲ್ಯಾಪ್‌ಟಾಪ್, ಫೋನ್, ಕ್ಯಾಮೆರಾ, ಮಾನಿಟರ್, ಹೆಚ್ಚಿನವು ಈ ಜಾತಿಗೇ ಸೇರಿದವು. ಟ್ರಿಮ್ಮರ್ ಯುಎಸ್‌ಬಿಯಲ್ಲಿ ಚಾರ್ಜ್ ಆಗುವುದಾದರೆ ಇನ್ನೂ ಒಳ್ಳೆಯದು, ಇಲ್ಲಿನ ಯುಎಸ್‌ಬಿ ಚಾರ್ಜರ್ ಸಾಕು.

ಇನ್ನೊಂದು ವಿಷಯ. ಲ್ಯಾಪ್‌ಟಾಪ್ ಚಾರ್ಜರಿನ ಗೋಡೆ ಕಡೆಯ ವೈರ್ ಕಳಚಿ ಬರುತ್ತದಲ್ಲ, ಅದನ್ನು ಮಾತ್ರ ಇಲ್ಲಿ ಹೊಸದು ತಗೊಂಡರೆ ಆಯ್ತು. ಆ ಚಿಕ್ಕ ತುದಿಯ ಆಕಾರ ಎಲ್ಲ ದೇಶದಲ್ಲೂ ಒಂದೇ. ಮೂರು ಎಲೆಯ ಆಕಾರದ್ದು ಸಿ5, ಇಂಗ್ಲಿಷ್ ಎಂಟರ ಆಕಾರದ್ದು ಸಿ7, ಮಾನಿಟರ್‌ಗೆ ಬರುವ ದಪ್ಪದ್ದು ಸಿ13. ಅಡಾಪ್ಟರ್ ನೇತಾಡಿಸಿಕೊಂಡು ವರ್ಷಗಟ್ಟಲೆ ಬದುಕುವುದಕ್ಕಿಂತ ಇದು ವಾಸಿ.

ಯಾವ ದೇಶದಲ್ಲಿ ಎಷ್ಟು ಅನ್ನುವುದು ಬೇಗ ಹೇಳಿಬಿಡುತ್ತೇನೆ. ಯುರೋಪ್, ಬ್ರಿಟನ್, ಆಸ್ಟ್ರೇಲಿಯಾ ಕಡೆ 230 ವೋಲ್ಟ್, 50 ಹರ್ಟ್ಜ್. 230 ವೋಲ್ಟಿನ ವಸ್ತು ಅಲ್ಲಿಗೆ ಹೊರಟಿದ್ದರೆ ಪ್ಲಗ್ ಬದಲಾದರೆ ಸಾಕು. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್. ದಕ್ಷಿಣ ಕೊರಿಯಾದಲ್ಲಿ 220 ವೋಲ್ಟ್, ಆದರೆ 60 ಹರ್ಟ್ಜ್. ಬ್ರೆಜಿಲ್‌ನಲ್ಲಿ ಕೆಲವು ಊರಲ್ಲಿ 127, ಕೆಲವು ಊರಲ್ಲಿ 220, ಕೇಳಿಯೇ ಚುಚ್ಚಬೇಕು. ಜಪಾನಿನದ್ದು ಇನ್ನೂ ಮಜಾ. ಅಲ್ಲಿ 100 ವೋಲ್ಟ್, ಅದರಲ್ಲೂ ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ. ಆ ವ್ಯಾಪಾರ ಇವತ್ತಿಗೂ ದೇಶವನ್ನು ಎರಡು ಭಾಗ ಮಾಡಿ ಕೂರಿಸಿದೆ!

ಈಗ ಕೆಟಲ್‌ಗೆ ಬರೋಣ. ಲೇಬಲ್ ಮೇಲೆ 230 ವೋಲ್ಟ್, 1500 ವ್ಯಾಟ್. 120 ವೋಲ್ಟಿಗೆ ಚುಚ್ಚಿದರೆ ಏನಾಗುತ್ತದೆ? ವೋಲ್ಟೇಜ್ ಅರ್ಧ ಆಯ್ತು, ಶಾಖವೂ ಅರ್ಧ ಆಗಬಹುದು ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ವೋಲ್ಟೇಜ್ ಕಡಿಮೆಯಾದ ಹಾಗೆ ಕಾಯಿಲ್‌ನಲ್ಲಿ ಹರಿಯುವ ಕರೆಂಟೂ ಅಷ್ಟೇ ಕಡಿಮೆಯಾಗುತ್ತದೆ. ಎರಡೂ ಸೇರಿ ಹೊಡೆತ ಕೊಡುತ್ತವೆ. 1500 ವ್ಯಾಟಿನ ಕೆಟಲ್ 400 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಒಂದು ಲೀಟರ್ ನೀರು ಮೂರೂವರೆ ನಿಮಿಷದಲ್ಲಿ ಕುದಿಯುತ್ತಿದ್ದರೆ, ಇಲ್ಲಿ 13 ನಿಮಿಷ ದಾಟುತ್ತದೆ. ಅಪಾಯ ಏನೂ ಇಲ್ಲ. ಬರೀ ಕಾಯುವ ಕೆಲಸ. ಇಸ್ತ್ರಿ ಪೆಟ್ಟಿಗೆಯೂ ಅಷ್ಟೇ, ಬೆಚ್ಚಗಾಗುತ್ತದೆ ಹೊರತು ಸುಕ್ಕು ಹೋಗುವುದಿಲ್ಲ. ಬಿಸಿ ಮಾಡುವ ಯಾವ ವಸ್ತುವನ್ನೂ ಹೊತ್ತು ತರಬೇಡಿ, ಇದು ನನ್ನ ಖಡಾಖಂಡಿತ ಮಾತು. ಹೋದ ಕಡೆ ಹೊಸದು ತಗೊಳ್ಳಿ.

ಮಿಕ್ಸಿ ವಿಷಯದಲ್ಲಿ ಮಾತ್ರ ಅಷ್ಟು ಸುಲಭವಾಗಿ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಜನ ಜಾಸ್ತಿ ಕೇಳುವುದೂ ಇದನ್ನೇ. ಇದರ ಒಳಗಿರುವುದು ಕಾರ್ಬನ್ ಬ್ರಷ್ ಇರುವ ಮೋಟಾರ್. ಆನ್ ಮಾಡಿದಾಗ ತಳದ ಗಾಳಿಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಾಣುತ್ತದಲ್ಲ, ಅದು ಆ ಬ್ರಷ್‌ನದ್ದೇ. ಈ ಮೋಟಾರ್‌ಗೆ 50 ಹರ್ಟ್ಜ್ ಆದರೂ ಸರಿ, 60 ಆದರೂ ಸರಿ. ವೋಲ್ಟೇಜ್ ಮಾತ್ರ ಬೇಕೇ ಬೇಕು. ನೇರವಾಗಿ 120ಕ್ಕೆ ಹಾಕಿದರೆ ತಿರುಗುತ್ತದೆ, ಆದರೆ ಶಕ್ತಿ ಇರುವುದಿಲ್ಲ. ಸ್ವಲ್ಪ ಗಟ್ಟಿ ಸಿಕ್ಕಿದರೆ ಬ್ಲೇಡ್ ನಿಂತುಬಿಡುತ್ತದೆ. ನಿಂತ ಮೋಟಾರ್‌ಗೆ ಕರೆಂಟ್ ಹೋಗುತ್ತಲೇ ಇದ್ದರೆ ಒಳಗೆ ಕಾದು ವಾಸನೆ ಬರುತ್ತದೆ.

ಇದಕ್ಕೆ 120 ವೋಲ್ಟನ್ನು 230ಕ್ಕೆ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಇಗೋ, ಇದು. ಎತ್ತಿದರೆ ಕೈಗೆ ರುಬ್ಬುಗುಂಡು ಕೊಟ್ಟ ಹಾಗಿದೆ, ಒಳಗೆಲ್ಲಾ ಕಬ್ಬಿಣ ಮತ್ತು ತಾಮ್ರ. ಮಿಕ್ಸಿ 750 ವ್ಯಾಟ್ ಅಂತ 750 ವ್ಯಾಟಿನ ಟ್ರಾನ್ಸ್‌ಫಾರ್ಮರ್ ತಗೊಳ್ಳುವುದಲ್ಲ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ತುಂಬಾ ಜಾಸ್ತಿ. ಹಾಗಾಗಿ ಎರಡರಷ್ಟು, ಅಂದರೆ 1500 ವ್ಯಾಟ್ ತಗೊಂಡರೆ ನೆಮ್ಮದಿ. ಕೆಲಸ ಮುಗಿದ ಮೇಲೆ ಗೋಡೆಯಿಂದಲೇ ತೆಗೆದುಬಿಡಿ. ಮಿಕ್ಸಿ ಆಫ್ ಇದ್ದರೂ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಾ, ಬೆಚ್ಚಗಾಗುತ್ತಾ ಕರೆಂಟ್ ತಿನ್ನುತ್ತಲೇ ಇರುತ್ತದೆ.

ಕೈಬೆರಳಿನಷ್ಟು ಹಗುರ ಇರುವ ಕನ್ವರ್ಟರ್‌ಗಳೂ ಮಾರ್ಕೆಟ್ಟಿನಲ್ಲಿ ಇವೆ, 1600 ವ್ಯಾಟ್ ಅಂತ ಬರೆದಿರುತ್ತಾರೆ. ಅಂಥವುಗಳಲ್ಲಿ ಹಲವು ಕರೆಂಟಿನ ಅಲೆಯನ್ನು ಕತ್ತರಿಸಿ ಬಿಡುತ್ತವೆ ಅಷ್ಟೇ. ಬಿಸಿ ಮಾಡುವ ವಸ್ತುವಿಗೆ ಸ್ವಲ್ಪ ಹೊತ್ತು ನಡೆಯುತ್ತದೆ. ಮೋಟಾರ್‌ಗೂ ಎಲೆಕ್ಟ್ರಾನಿಕ್ಸ್‌ಗೂ ಅದು ಆಗಿಬರುವುದಿಲ್ಲ.

ಹಾಗಾದರೆ ಮಿಕ್ಸಿ ತರಬೇಕಾ ಬೇಡವಾ? ಹೋಗುವ ಕಡೆ 120 ವೋಲ್ಟಿಗೇ ಮಾಡಿದ ಮಿಕ್ಸಿ ಸಿಗುವುದಾದರೆ ಅದೇ ಸರಿ. ಮಿಕ್ಸಿ ಪಕ್ಕದಲ್ಲಿ ಯಾವಾಗಲೂ ಒಂದು ಕಬ್ಬಿಣದ ಡಬ್ಬ ಇಟ್ಟುಕೊಂಡು, ದಿನಕ್ಕೆರಡು ಸಲ ಚುಚ್ಚಿ ಕೀಳುವ ತಾಳ್ಮೆ ಇದ್ದವರು ಮಾತ್ರ ತನ್ನಿ. ನನಗಿದೆ, ಹಾಗಾಗಿ ಇಟ್ಟುಕೊಂಡಿದ್ದೇನೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಗೋಡೆಯ ಕರೆಂಟನ್ನೇ ಎಣಿಸಿ ಓಡುವ ಹಳೆಯ ಎಲೆಕ್ಟ್ರಿಕ್ ಗಡಿಯಾರವನ್ನು 50ರಿಂದ 60 ಹರ್ಟ್ಜ್‌ಗೆ ತಂದರೆ, ಒಂದು ಗಂಟೆಯಲ್ಲಿ 72 ನಿಮಿಷ ಓಡುತ್ತದೆ. ಸೆಲ್ ಹಾಕುವ ಗಡಿಯಾರಕ್ಕೆ ಈ ಚಿಂತೆ ಇಲ್ಲ. ಫ್ರಿಜ್, ವಾಷಿಂಗ್ ಮೆಷಿನ್, ಮೈಕ್ರೋವೇವ್, ಇವು ಹರ್ಟ್ಜ್ ನೋಡಿಯೇ ಮಾಡಿದ ಯಂತ್ರಗಳು. ಕಂಟೇನರ್‌ನಲ್ಲಿ ಜಾಗ ಇದೆ ಅಂತ ತುಂಬಬೇಡಿ.

ಈಗ ಆ ಅಡಾಪ್ಟರ್. ಎರಡು ಪಿನ್ನಿನ ಅಡಾಪ್ಟರ್‌ಗೆ ಮೂರು ಪಿನ್ನಿನ ಪ್ಲಗ್ ಹಾಕಿದಾಗ ಅರ್ಥಿಂಗ್ ಪಿನ್ನು ಎಲ್ಲಿಗೂ ಸೇರುವುದಿಲ್ಲ, ಸುಮ್ನೆ ಒಂದು ತೂತಿನಲ್ಲಿ ಕೂತಿರುತ್ತದೆ. ಪ್ಲಾಸ್ಟಿಕ್ ಚಾರ್ಜರ್‌ಗೆ ಪರವಾಗಿಲ್ಲ. ಲೋಹದ ಮೈ ಇರುವ ವಸ್ತುವಿನ ಒಳಗೆ ಒಂದು ವೈರ್ ಸಡಿಲವಾದರೆ ಮುಟ್ಟಿದವರಿಗೆ ಶಾಕ್. ಬ್ರಿಟನ್ನಿನ ದಪ್ಪ ಪ್ಲಗ್ಗಿನ ಒಳಗೆ ಒಂದು ಫ್ಯೂಸೂ ಇರುತ್ತದೆ, ಹೆಚ್ಚಾಗಿ 3 ಅಥವಾ 13 ಆಂಪ್ಸ್. ಅಲ್ಲಿ ಪ್ಲಗ್ ಬದಲಿಸುವವರು ಆ ಫ್ಯೂಸ್ ವಸ್ತುವಿಗೆ ತಕ್ಕದ್ದೇ ಅಂತ ನೋಡಿಕೊಳ್ಳಬೇಕು.

ಈ ಎಕ್ಸ್‌ಟೆನ್ಷನ್ ಬೋರ್ಡ್ ತಂದದ್ದು ಒಳ್ಳೆಯದಾಯಿತು. ಅರ್ಥಿಂಗ್ ಇರುವ ಅಡಾಪ್ಟರ್ ಒಂದೇ ಸಾಕು, ಹಳೆಯ ಪ್ಲಗ್ಗುಗಳೆಲ್ಲ ಬೋರ್ಡಿಗೆ ಕೂರುತ್ತವೆ. ಇಲ್ಲೊಂದು ಲೆಕ್ಕ ಇದೆ. ಬೋರ್ಡ್ ಮೇಲೆ 6 ಆಂಪ್ಸ್ ಅಂತಿದೆ. 230 ವೋಲ್ಟಿನಲ್ಲಿ ಅದು 1380 ವ್ಯಾಟ್ ಹೊರುತ್ತಿತ್ತು, 120ರಲ್ಲಿ 720 ಮಾತ್ರ. ಚಾರ್ಜರ್‌ಗಳಿಗೆ ಧಾರಾಳ. ಟ್ರಾನ್ಸ್‌ಫಾರ್ಮರನ್ನು ಇದಕ್ಕೆ ಹಾಕಬೇಡಿ, ಅದು ನೇರ ಗೋಡೆಗೇ ಹೋಗಲಿ.

ಲ್ಯಾಂಪ್ ಸುಲಭ. ಬಲ್ಬ್ ಬದಲಿಸಿದರೆ ಆಯ್ತು. ಹೋಲ್ಡರ್ ತಿರುಪಿನದ್ದು, ಅಂದರೆ ಇ27 ಆಗಿದ್ದರೆ ಅಮೆರಿಕದ ಇ26 ಬಲ್ಬ್ ಅದರಲ್ಲಿ ಕೂರುತ್ತದೆ. ಒತ್ತಿ ತಿರುಗಿಸುವ ಬಿ22 ಹೋಲ್ಡರ್ ಆದರೆ ಬಲ್ಬ್ ಹುಡುಕುವುದೇ ಕೆಲಸ. ಟಿವಿಗೆ ಕರೆಂಟ್ ಹೊಂದಿದರೂ ಆಂಟೆನಾ ಚಾನೆಲ್ ಬರದೇ ಇರಬಹುದು, ಪ್ರಸಾರದ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ಕಾರ್ಡ್‌ಲೆಸ್ ಫೋನ್ ಬೇಡವೇ ಬೇಡ. ಯುರೋಪಿನಲ್ಲಿ ಅದು ಬಳಸುವ ತರಂಗಗಳಿಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ.

ವಾಪಸ್ ಹೋಗುವಾಗ ಇಲ್ಲಿ ಕೊಂಡದ್ದನ್ನು ತುಂಬಿಕೊಳ್ಳುತ್ತೀರಲ್ಲ, ನಿಜವಾದ ಅಪಾಯ ಆ ಕಡೆಯದು. 120 ವೋಲ್ಟಿನ 1500 ವ್ಯಾಟ್ ಹೇರ್ ಡ್ರೈಯರನ್ನು 230ಕ್ಕೆ ಚುಚ್ಚಿದರೆ, ಅದು 5500 ವ್ಯಾಟ್ ಎಳೆಯಲು ಹೋಗುತ್ತದೆ. ಫ್ಯೂಸ್ ಹಾರಬಹುದು, ಬೆಂಕಿಯೂ ಹತ್ತಬಹುದು. ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ 120 ವೋಲ್ಟಿನ ಬೋರ್ಡೂ ಅಷ್ಟೇ, ಒಳಗಿನ ಆ ಭಾಗ 230 ಕಂಡ ಕೂಡಲೇ ಸುಡುತ್ತದೆ. ಡ್ರೈಯರ್ ಮೇಲೆ 125/250 ಅಂತ ಚಿಕ್ಕ ಸ್ವಿಚ್ ಇದ್ದರೆ ತಗೊಂಡು ಹೋಗಬಹುದು. ಎಷ್ಟೋ ಡ್ರೈಯರ್‌ಗಳಲ್ಲಿ ಅದನ್ನು ನಾಣ್ಯದಿಂದ ತಿರುಗಿಸಬೇಕು, ತಾನಾಗಿ ಬದಲಾಗುವುದಿಲ್ಲ. ಪ್ಯಾಕ್ ಮಾಡುವಾಗಲೇ ತಿರುಗಿಸಿಬಿಡಿ.