ವಾರಕ್ಕೊಂದ್ಸಲ ಐದೇ ಸಾಲು

ನಮಸ್ಕಾರ. ಈಗೊಂದು ಹೊಸ ಫ್ಯಾಷನ್ ಬಂದಿದೆ ನೋಡಿ, ಗ್ರಾಟಿಟ್ಯೂಡ್ ಜರ್ನಲ್ ಅಂತ, ಅಂದ್ರೆ ನಮಗೆ ಆದ ಉಪಕಾರಗಳನ್ನ ನೆನೆದು ಬರೆದಿಡೋ ಪುಸ್ತಕ. ದಪ್ಪ ರಟ್ಟು, ಒಳಗೆಲ್ಲ ಹೂವಿನ ಚಿತ್ರ, ಬೆಳಿಗ್ಗೆ ಮೂರು ಸಾಲು ರಾತ್ರಿ ಮೂರು ಸಾಲು ಬರಿಯೋಕೆ ಗೆರೆ ಎಳೆದಿಟ್ಟ ಜಾಗ, ಹಿಂದೆ ತಿರುಗಿಸಿ ಬೆಲೆ ನೋಡಿದ್ರೆ ಮಾತ್ರ ಉಪಕಾರ ಸ್ಮರಣೆ ಎಲ್ಲ ಅಲ್ಲೇ ಮರೆತುಹೋಗತ್ತೆ. ದಯವಿಟ್ಟು ಅದನ್ನ ಕೊಳ್ಬೇಡಿ. ಮಕ್ಕಳು ಅರ್ಧ ಬರೆದು ಬಿಟ್ಟಿರೋ ನೋಟ್‌ಬುಕ್ ಎಲ್ಲರ ಮನೇಲೂ ಇರತ್ತಲ್ಲ, ಅದು ಧಾರಾಳ ಸಾಕು. ದಿನಾ ಬರೀಬೇಕು ಅಂತಾನೂ ಇಲ್ಲ, ವಾರಕ್ಕೊಂದ್ಸಲ ಸಾಕು, ಅದೂ ಐದೇ ಸಾಲು. ಈ ಐದು ಸಾಲಲ್ಲಿ ಏನ್ ಬರೆದ್ರೆ ಪ್ರಯೋಜನ, ಏನ್ ಬರೆದ್ರೆ ಬರೀ ಇಂಕು ದಂಡ, ಅದನ್ನ ಇವತ್ತು ಸ್ವಲ್ಪ ಮಾತಾಡೋಣ.

ವಾರ, ಐದು ಅನ್ನೋ ಲೆಕ್ಕ ನಾನು ಕಟ್ಟಿದ್ದಲ್ಲ. ಅಮೆರಿಕದಲ್ಲಿ ರಾಬರ್ಟ್ ಎಮನ್ಸ್, ಮೈಕಲ್ ಮೆಕಲಾ ಅಂತ ಇಬ್ಬರು ಮನಃಶಾಸ್ತ್ರದ ಪ್ರೊಫೆಸರ್‌ಗಳು, 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕಾಲೇಜು ಹುಡುಗ ಹುಡುಗೀರನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹೋದ ವಾರ ನಿಮಗೆ ಯಾವ್ಯಾವುದಕ್ಕೆ ಉಪಕಾರ ಅನ್ನಿಸ್ತು ಅಂತ ಐದರವರೆಗೆ ಬರೀರಿ ಅಂದ್ರು, ಇನ್ನೊಂದು ಗುಂಪಿಗೆ ಹೋದ ವಾರದ ಕಿರಿಕಿರಿ ಬರೀರಿ ಅಂದ್ರು, ಮೂರನೇ ಗುಂಪಿಗೆ ಸುಮ್ನೆ ಏನೇನ್ ನಡೀತೋ ಬರೀರಿ ಅಂದ್ರು. ಹತ್ತು ವಾರ ಹೀಗೆ. ಆ ಹುಡುಗರು ಬರೆದ ಪಟ್ಟಿ ಓದಿದ್ರೆ ನಗು ಬರತ್ತೆ. ಉಪಕಾರದ ಕಡೆ, ಬೆಳಿಗ್ಗೆ ಎದ್ದಿದ್ದು, ಸ್ನೇಹಿತರ ಔದಾರ್ಯ, ಒಳ್ಳೇ ಅಪ್ಪ ಅಮ್ಮ, ಜೊತೆಗೆ ಒಬ್ಬ ಪುಣ್ಯಾತ್ಮ ರೋಲಿಂಗ್ ಸ್ಟೋನ್ಸ್ ಬ್ಯಾಂಡಿಗೇ ಥ್ಯಾಂಕ್ಸ್ ಹೇಳಿದಾನೆ! ಕಿರಿಕಿರಿ ಕಡೆ ಪಾರ್ಕಿಂಗ್ ಸಿಗಲ್ಲ, ಅಡುಗೆಮನೆ ಗಲೀಜಾಗಿದೆ ಯಾರೂ ಕ್ಲೀನ್ ಮಾಡಲ್ಲ, ದುಡ್ಡು ಖರ್ಚಾಗ್ತಾ ಇದೆ, ದಡ್ಡರೆಲ್ಲ ಗಾಡಿ ಓಡಿಸ್ತಾರೆ. ಇದನ್ನ ನಮ್ಮ ಬೆಂಗಳೂರಲ್ಲಿ ಕೂತು ಬರೆದಿದ್ದಾರೆ ಅಂದ್ರೂ ನಂಬಬಹುದು.

ಹತ್ತು ವಾರ ಆದ್ಮೇಲೆ ನೋಡಿದ್ರೆ, ಉಪಕಾರ ಬರೆದವರಿಗೆ ಒಟ್ಟಾರೆ ಬದುಕಿನ ಬಗ್ಗೆ ಸಮಾಧಾನ ಹೆಚ್ಚು, ಬರೋ ವಾರದ ಬಗ್ಗೆ ಭರವಸೆ ಹೆಚ್ಚು, ತಲೆನೋವು ಅದು ಇದು ಅಂತ ದೂರೋದು ಕಮ್ಮಿ, ಕಿರಿಕಿರಿ ಬರೆದವರಿಗಿಂತ ವಾರಕ್ಕೆ ಹತ್ರಹತ್ರ ಒಂದೂವರೆ ಗಂಟೆ ಜಾಸ್ತಿ ವ್ಯಾಯಾಮ ಬೇರೆ ಮಾಡಿದ್ರಂತೆ. ಹಾಗಂತ ಇದೇನು ಮಂತ್ರ ಅಲ್ಲ, ಆಮೇಲೆ ಬೇರೆ ಬೇರೆಯವರು ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ನೋಡಿದಾಗ ಪರಿಣಾಮ ಇದೆ, ಆದ್ರೆ ಸಣ್ಣದು ಅಂತಾನೇ ಬಂದಿದೆ. ಸಣ್ಣದಾದ್ರೂ ಖರ್ಚಿಲ್ಲದ್ದು, ಹದಿನೈದು ನಿಮಿಷದ ಕೆಲಸ, ಅಷ್ಟಕ್ಕೆ ಇದು ಲಾಭಾನೇ.

ಸರಿ, ವಾರಕ್ಕೊಂದ್ಸಲನೇ ಯಾಕೆ? ಸೋನ್ಯಾ ಲ್ಯುಬೊಮಿರ್ಸ್ಕಿ ಅಂತ ಕ್ಯಾಲಿಫೋರ್ನಿಯಾದ ಇನ್ನೊಬ್ಬರು ಪ್ರೊಫೆಸರ್ ಆರು ವಾರ ಇದನ್ನೇ ಮಾಡಿಸಿದ್ರು, ಕೆಲವರಿಗೆ ವಾರಕ್ಕೊಂದ್ಸಲ, ಕೆಲವರಿಗೆ ವಾರಕ್ಕೆ ಮೂರು ಸಲ. ಜಾಸ್ತಿ ಬರೆದವರಿಗೆ ಜಾಸ್ತಿ ಖುಷಿ ಆಗ್ಬೇಕಿತ್ತು ಅಲ್ವಾ, ಆಗ್ಲಿಲ್ಲ, ವಾರಕ್ಕೊಂದ್ಸಲ ಬರೆದವರಿಗೇ ಫಲ ಸಿಕ್ಕಿದ್ದು. ನನಗೆ ಇದು ಆಶ್ಚರ್ಯ ಅನ್ನಿಸಲ್ಲ. ದಿನಾ ಬರಿಯೋಕೆ ಕೂತ್ರೆ ನಾಲ್ಕನೇ ದಿನಕ್ಕೇ ಅದು ಸ್ಕೂಲಲ್ಲಿ ಮೇಷ್ಟ್ರು ಕೊಟ್ಟ ಇಂಪೋಸಿಷನ್ ಥರ ಆಗತ್ತೆ, ಮನೆ, ಮಕ್ಕಳು, ಆರೋಗ್ಯ, ಮನೆ, ಮಕ್ಕಳು, ಆರೋಗ್ಯ, ಕೈ ಬರೀತಾ ಇರತ್ತೆ ಮನಸ್ಸು ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಎಣಿಸ್ತಾ ಇರತ್ತೆ. ಒಂದು ವಾರ ಬಿಟ್ಟು ಕೂತ್ರೆ ಹಿಂದೆ ತಿರುಗಿ ಹುಡುಕ್ಬೇಕಾಗತ್ತೆ, ಸೋಮವಾರ ಏನಾಯ್ತು, ಬುಧವಾರ ಯಾರು ಬಂದಿದ್ರು, ಆ ಹುಡುಕೋದ್ರಲ್ಲೇ ಅರ್ಧ ಕೆಲಸ ಆಗೋಗತ್ತೆ. ದಿನಾ ಬರೆದು ಒಳ್ಳೇದಾದವರೂ ಇದಾರೆ, ಎಮನ್ಸ್ ಅವರೇ ನರ ಸ್ನಾಯುಗಳ ಕಾಯಿಲೆ ಇರೋರ ಕೈಲಿ ಮೂರು ವಾರ ದಿನಾ ಬರೆಸಿ, ಅವರಿಗೆ ನಿದ್ದೆ ಚೆನ್ನಾಗಿ ಬಂತು ಅಂತ ಕಂಡುಕೊಂಡ್ರು. ಆದ್ರೆ ವರ್ಷಗಟ್ಟಲೆ ನಡೀಬೇಕು ಅಂದ್ರೆ ವಾರಕ್ಕೊಂದ್ಸಲನೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಮುಖ್ಯವಾದ ವಿಷಯ, ಏನ್ ಬರೀಬೇಕು. ಆರೋಗ್ಯ ಚೆನ್ನಾಗಿದೆ, ದೇವರ ದಯೆ. ಈ ಸಾಲಲ್ಲಿ ತಪ್ಪೇನಿಲ್ಲ, ಆದ್ರೆ ಅದು ಎಲ್ಲೂ ಹಿಡಿಯಲ್ಲ, ಜಾರಿಹೋಗತ್ತೆ. ಯಾರು, ಯಾವಾಗ, ಏನ್ ಮಾಡಿದ್ರು, ಅದು ಇಲ್ದಿದ್ರೆ ನನ್ನ ವಾರ ಹೇಗಿರ್ತಿತ್ತು, ಇಷ್ಟು ಬಂದ್ರೆ ಸಾಲಿಗೆ ಜೀವ ಬರತ್ತೆ. ಗುರುವಾರ ಮಳೇಲಿ ಬಸ್ಸು ಸ್ಟಾಪಿಂದ ಸ್ವಲ್ಪ ಮುಂದೆ ಹೋಗಿತ್ತು, ಓಡಿ ಬರ್ತಿರೋದು ಕಂಡು ಕಂಡಕ್ಟರ್ ವಿಸಲ್ ಹೊಡೆದು ನಿಲ್ಲಿಸಿದ್ರು. ಇದು ಸಾಲು. ಪಕ್ಕದ ಮನೆ ಆಂಟಿ ನಮ್ಮ ಗ್ಯಾಸ್ ಸಿಲಿಂಡರ್ ಇಳಿಸಿಕೊಂಡು ಓಟಿಪಿಗೆ ಅಂತ ಫೋನ್ ಮಾಡಿ ತಮ್ಮ ಕೈಯಿಂದಾನೇ ದುಡ್ಡೂ ಕೊಟ್ಟಿದ್ರು. ಇದೂ ಸಾಲು.

ನಾನು ಹೆಚ್ಚಾಗಿ ಹೇಳೋ ಉದಾಹರಣೆ ನಲ್ಲಿ ನೀರು. ನಮ್ಮ ಏರಿಯಾದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರತ್ತೆ, ಬಂದ ದಿನ ಯಾರೂ ಅದರ ಬಗ್ಗೆ ಮಾತಾಡಲ್ಲ, ಬರದೇ ಇದ್ದ ದಿನ ಬೀದಿಗೆ ಬೀದಿನೇ ಮಾತಾಡತ್ತೆ. ನೀರು ಬಂತು ಅಂತ ಬರೆದು ಬಿಡಬೇಡಿ, ಅದರ ಹಿಂದೆ ಹೋಗಿ. ಕೊಡಗಲ್ಲಿ ಬಿದ್ದ ಮಳೆ ಕನ್ನಂಬಾಡಿ ಕಟ್ಟೆಗೆ ಬಂದು, ಅಲ್ಲಿಂದ ಹರಿದು ಮಂಡ್ಯ ಜಿಲ್ಲೆ ಮಳವಳ್ಳಿ ಕಡೆ ತೊರೆಕಾಡನಹಳ್ಳಿಗೆ ಬರತ್ತೆ, ಅಲ್ಲಿ ಶುದ್ಧ ಮಾಡಿ ಪಂಪ್ ಮಾಡಿದ್ರೆ ಹಾರೋಹಳ್ಳಿ, ಹಾರೋಹಳ್ಳಿಯಿಂದ ಮತ್ತೆ ಪಂಪ್ ಮಾಡಿದ್ರೆ ತಾತಗುಣಿ, ಅಲ್ಲಿಂದ ಇನ್ನೊಂದ್ಸಲ ಪಂಪ್ ಮಾಡಿ ಊರೊಳಗೆ. ಹತ್ರಹತ್ರ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ, ಯಾಕಂದ್ರೆ ನದಿ ಕೆಳಗಿದೆ, ನಮ್ಮೂರು ಮೇಲಿದೆ. 1974ರಿಂದ ಈ ನೀರು ಹೀಗೆ ಹತ್ತಿಕೊಂಡು ಬರ್ತಾನೇ ಇದೆ. ಆ ಮೂರೂ ಪಂಪ್ ಹೌಸಲ್ಲಿ ರಾತ್ರಿ ಎರಡು ಗಂಟೇಲೂ ಯಾರೋ ಎದ್ದಿರ್ತಾರೆ. ಕೊನೆಗೆ ನಮ್ಮ ಬೀದಿ ಮೂಲೇಲಿ ಉದ್ದ ಕಬ್ಬಿಣದ ಕೀಲಿ ಹಾಕಿ ತಿರುಗಿಸ್ತಾರಲ್ಲ, ಹಳ್ಳಿ ಕಡೆ ನೀರುಗಂಟಿ ಅಂತಾರೆ, ಇಲ್ಲಿ ವಾಲ್ವ್‌ಮನ್ ಅಂತೀವಿ, ಅವರ ಕೈಯಿಂದ ನಮ್ಮ ಮನೆ ನೀರಿನ ಸಂಪ್‌ಗೆ. 2024ರ ಬೇಸಿಗೆ ನೆನಪಿದ್ಯಾ, ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ನವರು ಹೇಳಿದ್ದೇ ರೇಟು, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ ಐದು ಸಾವಿರ ದಂಡ ಅಂತ ಆರ್ಡರ್ ಬೇರೆ. ಆವಾಗ ನಲ್ಲೀಲಿ ಒಂದು ಹನಿ ಬಿದ್ದ ಶಬ್ದಕ್ಕೆ ಎದ್ದು ಓಡ್ತಿದ್ವಿ. ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ ಯೋಜನೆಯ ಐದನೇ ಹಂತದ ನೀರು ಶುರು ಆಯ್ತು, ಸ್ವಲ್ಪ ದಿನಕ್ಕೆ ಎಲ್ಲ ಮರೆತ್ವಿ.

ಮರೆಯೋದು ನಮ್ಮ ತಪ್ಪಲ್ಲ ಬಿಡಿ, ಮನಸ್ಸಿನ ಸ್ವಭಾವ ಅದು. ಇದ್ದಿದ್ದು ಇದ್ದ ಹಾಗೇ ಇದ್ರೆ ಅದು ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ಇಲ್ದೇ ಹೋಗಿದ್ರೆ ಅಂತ ಕೇಳ್ಕೊಳ್ಳೋದು ತುಂಬಾ ಕೆಲಸ ಮಾಡತ್ತೆ. 2008ರಲ್ಲಿ ಇದನ್ನೂ ಪರೀಕ್ಷೆ ಮಾಡಿದಾರೆ. ನಿಮ್ಮ ಸಂಗಾತಿನ ಹೇಗೆ ಭೇಟಿ ಆದ್ರಿ ಅಂತ ಬರೆದವರಿಗಿಂತ, ಭೇಟಿ ಆಗ್ದೇನೇ ಹೋಗಿಬಿಡಬಹುದಿತ್ತು, ಅದು ಹೇಗೆ ಅಂತ ಬರೆದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಅನ್ನಿಸಿತ್ತಂತೆ. ಮದುವೆ ಆಗಿ ಇಪ್ಪತ್ತು ಇಪ್ಪತ್ತೈದು ವರ್ಷ ಆದವರು ಈ ವಾರ ಪ್ರಯತ್ನ ಮಾಡಿ ನೋಡಿ, ಫಲಿತಾಂಶಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ.

ನಮ್ಮತ್ತೆ ಇದನ್ನೆಲ್ಲ ಕೇಳಿ, ಅದನ್ನ ಬರೀಬೇಕೇನಮ್ಮಾ, ಮನಸ್ಸಲ್ಲಿದ್ರೆ ಸಾಲ್ದಾ ಅಂತಾರೆ. ಅವರ ಕಾಲಕ್ಕೆ ಸಾಕಿತ್ತು, ಯಾಕಂದ್ರೆ ಬರೆಯೋದಕ್ಕಿಂತ ಗಟ್ಟಿಯಾಗಿ ಅವರು ಮಾಡಿ ತೋರಿಸ್ತಿದ್ರು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ, ಆಯುಧಪೂಜೆಗೆ ಕುಡುಗೋಲಿಂದ ಹಿಡಿದು ಹೊಲಿಗೆ ಮಿಷನ್‌ವರೆಗೂ ಕುಂಕುಮ, ಉತ್ತರ ಕರ್ನಾಟಕದ ಕಡೆ ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ, ಅಂದ್ರೆ ಎಡೆಯ ಅಡುಗೆ, ಚೆಲ್ಲೋದು, ಮಲೆನಾಡಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆದು ಅದ್ರಲ್ಲಿ ಗದ್ದೆಗೆ ಎಡೆ ತಗೊಂಡು ಹೋಗೋದು. ಅನ್ನ ಕೊಟ್ಟ ಎತ್ತು ಯಾವುದು, ಹೊಲ ಯಾವುದು ಅಂತ ಎದುರಿಗೇ ಕಾಣ್ತಿತ್ತು. ಈಗ ನಮಗೆ ಅನ್ನ ನೀರು ಕೊಡೋರು ಕಣ್ಣಿಗೇ ಬೀಳಲ್ಲ. ನಂದಿನಿ ಪ್ಯಾಕೆಟ್ ಬಾಗಿಲಿಗೆ ಬಂದಿರತ್ತೆ, ಯಾವ ಊರ ಡೇರಿಯಲ್ಲಿ ಯಾವ ಹೆಂಗಸು ನಸುಕಲ್ಲೆದ್ದು ಕರೆದ ಹಾಲೋ ನಮಗೇನ್ ಗೊತ್ತು. ಪೌರಕಾರ್ಮಿಕರು ಬೀದಿ ಗುಡಿಸಿ ಹೋಗಿರ್ತಾರೆ, ನಾವು ಎದ್ದಿರಲ್ಲ. ವಾಲ್ವ್‌ಮನ್‌ಗೆ ಯಾವ ಹಬ್ಬ ಇದೆ ಹೇಳಿ, ಅವರಿಗೆ ನೋಟ್‌ಬುಕ್ಕಲ್ಲಾದ್ರೂ ಒಂದು ಸಾಲು ಇರ್ಲಿ. ಇಷ್ಟು ಹೇಳಿದ್ಮೇಲೆ ನಮ್ಮತ್ತೆ, ಹಾಗಾದ್ರೆ ಬರ್ಕೋ, ಆದ್ರೆ ಬೆಳಿಗ್ಗೆ ಕಾಫಿ ಮಾಡಿದ್ದು ಯಾರು ಅಂತಾನೂ ಬರ್ಕೋ ಅಂದ್ರು.

ಏನ್ ಬರೀಬಾರ್ದು ಅಂತಾನೂ ಹೇಳ್ಬೇಕು. ಪಾಪ ಅವರ ಮನೇಲಿ ಹೀಗಾಗಿದೆ, ಸದ್ಯ ನಮ್ಮನೇಲಿ ಹಾಗಿಲ್ಲ ಅನ್ನೋ ಸಾಲು ಬೇಡ, ಅದು ಉಪಕಾರ ಸ್ಮರಣೆ ಅಲ್ಲ, ಬೇರೆಯವರ ಕಷ್ಟದ ಮೇಲೆ ಕೂತು ನಮ್ಮ ಸುಖ ಅಳೆಯೋದು. ಇನ್ನೊಂದು ಇದಕ್ಕಿಂತ ಅಪಾಯದ್ದು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಇದ್ದಿದ್ರಲ್ಲಿ ತೃಪ್ತಿ ಪಡಬೇಕಮ್ಮ, ಅವನು ಕುಡಿದ್ರೂ ಸಂಬಳ ತಂದು ಕೊಡ್ತಾನಲ್ಲ ಅಂತ ಬಾಯಿ ಮುಚ್ಚಿಸೋಕೆ ಈ ಮಾತನ್ನ ಎಷ್ಟು ಮನೆಗಳಲ್ಲಿ ಬಳಸ್ತಾರೆ ಅಂತ ನಿಮಗೇ ಗೊತ್ತು. ಆಫೀಸಲ್ಲೂ ಅಷ್ಟೇ, ಕೆಲಸ ಇದೆಯಲ್ಲ ಅದಕ್ಕೆ ಥ್ಯಾಂಕ್‌ಫುಲ್ ಆಗಿರಿ ಅಂತ ಓವರ್‌ಟೈಮ್ ದುಡ್ಡು ಕೇಳಿದವರಿಗೆ ಉತ್ತರ. ನೋಟ್‌ಬುಕ್ಕಲ್ಲಿ ವಾಲ್ವ್‌ಮನ್‌ಗೆ ಥ್ಯಾಂಕ್ಸ್ ಬರೆದ ಕೈಯಿಂದಾನೇ ಮಾರನೇ ದಿನ ಪೈಪ್ ಒಡೆದಿದೆ ಅಂತ ಕಂಪ್ಲೇಂಟೂ ಬರೀಬಹುದು, ಎರಡಕ್ಕೂ ಜಗಳ ಇಲ್ಲ.

ಮನಸ್ಸು ತೀರಾ ಕುಗ್ಗಿದ್ದಾಗ, ಏನೂ ಬೇಡ ಅನ್ನಿಸೋವಾಗ, ಪುಟ ಖಾಲಿ ಇದ್ರೆ ನನಗೆ ಉಪಕಾರ ನೆನೆಯೋ ಯೋಗ್ಯತೆನೂ ಇಲ್ಲ ಅಂತ ಇನ್ನಷ್ಟು ಕೊರಗೋದು ಆಗ್ಬಹುದು. ಅಂಥ ವಾರ ನೋಟ್‌ಬುಕ್ ಮುಚ್ಚಿಡಿ, ಡಾಕ್ಟರ್ ಹತ್ರ ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಬೇಕಾಗಿಲ್ಲ.

ಯಾವ ದಿನ ಬರಿಯೋದು ಅಂತ ಕೇಳ್ತಾರೆ. ಭಾನುವಾರ ಸಂಜೆ ಅಂತ ಎಲ್ಲರೂ ಹೇಳ್ತಾರೆ, ಭಾನುವಾರ ಸಂಜೆ ಸೋಮವಾರದ ಟೆನ್ಷನ್ ಶುರು ಆಗಿರತ್ತೆ, ದೋಸೆ ಹಿಟ್ಟು ರುಬ್ಬೋದು, ಯೂನಿಫಾರ್ಮ್ ಇಸ್ತ್ರಿ, ನನಗಂತೂ ಶುಕ್ರವಾರ ರಾತ್ರಿ ಊಟ ಆದ್ಮೇಲೆ ಚೆನ್ನಾಗಿ ಹೊಂದತ್ತೆ, ನಿಮಗೆ ಯಾವುದು ಹೊಂದತ್ತೋ ನೋಡ್ಕೊಳ್ಳಿ. ಐದು ಸಿಗ್ಲಿಲ್ಲ ಅಂದ್ರೆ ಎರಡೇ ಬರೀರಿ, ಅಮೆರಿಕದ ಆ ಕಾಲೇಜು ಹುಡುಗರಿಗೆ ಹೇಳಿದ್ದೂ ಐದರವರೆಗೆ ಅಂತ, ಐದು ಆಗಲೇಬೇಕು ಅಂತ ಅಲ್ಲ. ಫೋನಲ್ಲಿ ಬೇಡ, ಬರಿಯೋಕೆ ತೆಗೆದ್ರೆ ವಾಟ್ಸಾಪ್ ಕರೆಯತ್ತೆ, ವಾಪಸ್ ಬರೋಷ್ಟರಲ್ಲಿ ಅರ್ಧ ಗಂಟೆ. ಮಕ್ಕಳ ಕೈಲಿ ಬಲವಂತವಾಗಿ ಬರೆಸಬೇಡಿ, ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಅಂತ ನಮ್ಮ ಮುಖ ನೋಡ್ಕೊಂಡು ಬರೀತಾರೆ ಅಷ್ಟೇ.

ಕೆಲವು ತಿಂಗಳು ಬರೆದ್ಮೇಲೆ ಒಂದ್ಸಲ ಪುಟ ತಿರುವಿದ್ರೆ ಯಾವುದೋ ಒಂದೆರಡು ಹೆಸರು ಮತ್ತೆ ಮತ್ತೆ ಬಂದಿರತ್ತೆ. ಅವರಿಗೆ ಅದನ್ನ ಹೇಳಿ. ಮಾರ್ಟಿನ್ ಸೆಲಿಗ್ಮನ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಮತ್ತೆ ಅವರ ಜೊತೆಯವರು 2005ರಲ್ಲಿ ಇದನ್ನ ನೋಡಿದಾರೆ. ಸರಿಯಾಗಿ ಥ್ಯಾಂಕ್ಸ್ ಹೇಳದೇ ಉಳಿದಿರೋ ಒಬ್ಬರಿಗೆ ಕಾಗದ ಬರೆದು ಖುದ್ದು ಹೋಗಿ ಕೊಟ್ಟವರಿಗೆ ಸಿಕ್ಕ ಸಂತೋಷ ಅವರು ಪರೀಕ್ಷೆ ಮಾಡಿದ ಉಳಿದೆಲ್ಲಾ ಅಭ್ಯಾಸಕ್ಕಿಂತ ದೊಡ್ಡದಿತ್ತು, ಆದ್ರೆ ಒಂದು ತಿಂಗಳು ಇತ್ತು, ಮೂರು ತಿಂಗಳಷ್ಟು ಹೊತ್ತಿಗೆ ಇಳಿದುಹೋಗಿತ್ತು. ಅಂದ್ರೆ ಕಾಗದ ಕೊಟ್ಟಾಯ್ತು ಅಂತ ನೋಟ್‌ಬುಕ್ ನಿಲ್ಲಿಸೋ ಹಾಗಿಲ್ಲ. ಹೇಳೋವಾಗ ನಮ್ಮೋರಿಗೆ ಸಂಕೋಚ ಜಾಸ್ತಿ, ಎದುರಿಗಿರೋರೂ ಅಯ್ಯೋ ಅದಕ್ಕೆಲ್ಲಾ ಯಾಕೆ ಮೇಡಂ ಬಿಡಿ ಅಂತ ತಲೆ ಕೆರ್ಕೊಳ್ತಾರೆ. ಬಿಡ್ಬೇಡಿ, ಇಂಥ ದಿನ ನೀವು ಇಂಥದ್ದು ಮಾಡಿದ್ರಿ, ನಮಗೆ ಅನುಕೂಲ ಆಯ್ತು ಅಂತ ಪೂರ್ತಿ ಹೇಳಿ. ಹೇಳೋದು ಮನೆಕೆಲಸಕ್ಕೆ ಬರೋ ಅಕ್ಕನಿಗಾದ್ರೆ ಬರೀ ಮಾತಲ್ಲಿ ಮುಗಿಸಬೇಡಿ, ದೀಪಾವಳಿ ಬೋನಸ್ ಸ್ವಲ್ಪ ಜಾಸ್ತಿ ಮಾಡಿ, ವಾರಕ್ಕೊಂದು ದಿನ ಸಂಬಳ ಕಡಿಯದೇ ರಜೆ ಕೊಡಿ. ನಮಸ್ಕಾರ.