ಜೆಫ್ ನಿದ್ದೆ ಹೋದ ಹೊತ್ತು

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಹಿಚ್‌ಕಾಕ್ ನಿರ್ದೇಶನದ 'ರಿಯರ್ ವಿಂಡೋ' ಸಿನಿಮಾ ನಡೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಯಾರೋ "ಅಯ್ಯೋ, ಬಂದ ಬಂದ!" ಅಂದರು. ಯಾರು ಅಂತ ಕೇಳುವುದಿಲ್ಲ, ನಾಚಿಕೊಳ್ಳಬೇಡಿ. ನಾಯಕ ಜೆಫ್‌ನ ಗೆಳತಿ ಲೀಸಾ ಕಿಟಕಿ ಹತ್ತಿ ಎದುರು ಮನೆಗೆ ನುಗ್ಗಿದ್ದಾಳೆ. ಆ ಮನೆಯವನು ಕಾರಿಡಾರಿನಲ್ಲಿ ಬರುತ್ತಿದ್ದಾನೆ. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. 1954ರ ಸಿನಿಮಾದೊಳಗಿನ ಹುಡುಗಿಯನ್ನು ಇಲ್ಲಿ ಕೂತು ಎಚ್ಚರಿಸಬೇಕು ಅನ್ನಿಸಿತಲ್ಲ, ನನ್ನ ಮಾತೂ ಅದರ ಬಗ್ಗೆಯೇ.

ಸಸ್ಪೆನ್ಸ್ ಸಿನಿಮಾ ಚೆನ್ನಾಗಿದೆ ಅನ್ನಲು ನಮಗೆ ಒಂದೇ ಮಾತು ಗೊತ್ತು. "ಕೊಲೆಗಾರ ಯಾರು ಅಂತ ಕೊನೇವರೆಗೂ ಗೊತ್ತಾಗಲ್ಲ ಕಣ್ರೀ." ಹಿಚ್‌ಕಾಕ್ ಇದಕ್ಕೆ ತಲೆ ಆಡಿಸುತ್ತಿರಲಿಲ್ಲ. 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ ಮಾತಾಡುವಾಗ ಅವರು ಒಂದು ಉದಾಹರಣೆ ಕೊಟ್ಟರು. ಇಬ್ಬರು ಕೂತು ಹರಟುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬಿದೆ. ನಮಗೆ ಹೇಳದೆ ಸಿಡಿಸಿದರೆ 15 ಸೆಕೆಂಡು ಬೆಚ್ಚುತ್ತೇವೆ. ಮೊದಲೇ ತೋರಿಸಿದರೆ ಅದೇ ಹರಟೆಯನ್ನು 15 ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತೇವೆ.

'ರಿಯರ್ ವಿಂಡೋ'ದಲ್ಲಿ ಕೊಲೆಗಾರ ಯಾರು ಅನ್ನುವ ಗುಟ್ಟೇ ಇಲ್ಲ, ಗಮನಿಸಿದ್ರಾ? ಕೊಲೆ ಆಗಿದ್ದರೆ ಮಾಡಿದವನು ಆ ಎದುರು ಮನೆಯ ಥೋರ್ವಾಲ್ಡ್. ನಿಜವಾಗಿ ಆಗಿದೆಯಾ, ಅಥವಾ ಕಾಲು ಮುರಿದು ಕೂತ ಜೆಫ್‌ಗೆ ಹೊತ್ತು ಹೋಗದೆ ಹುಟ್ಟಿದ ಕಲ್ಪನೆಯಾ? ಇಷ್ಟೇ ಪ್ರಶ್ನೆ.

ಮೊದಲ ಕೆಲವು ನಿಮಿಷ ನೆನಪಿಸಿಕೊಳ್ಳಿ. ಕ್ಯಾಮೆರಾ ನ್ಯೂಯಾರ್ಕಿನ ಒಂದು ವಠಾರವನ್ನು ಸುತ್ತಿ ಬರುತ್ತದೆ. ವಠಾರ ಅಂತಲೇ ಅನ್ನುತ್ತೇನೆ, ಅದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲ. ಜೆಫ್ ಹಣೆಯ ಮೇಲೆ ಬೆವರು. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಥರ್ಮಾಮೀಟರು. ಕಾಲಿಗೆ ಪ್ಲಾಸ್ಟರು. ಒಡೆದ ಕ್ಯಾಮೆರಾ. ರೇಸ್ ಕಾರಿನ ಅಪಘಾತದ ಫೋಟೋ. ಇವನು ಯಾರು, ಕಾಲು ಹೇಗೆ ಮುರಿಯಿತು ಅಂತ ಯಾರೂ ಹೇಳದೆಯೇ ತಿಳಿಯಿತು. ನಮ್ಮಲ್ಲಾಗಿದ್ದರೆ ಗೆಳೆಯನೊಬ್ಬ ಬಂದು "ಆವತ್ತು ರೇಸಲ್ಲಿ ಫೋಟೋ ತೆಗೆಯೋಕೆ ಹೋಗಿ..." ಅಂತ ಶುರು ಮಾಡುತ್ತಿದ್ದ. ಸೆಖೆಯನ್ನೂ ಸುಮ್ನೆ ತೋರಿಸಿದ್ದಲ್ಲ. ಸೆಖೆ ಇರುವುದರಿಂದಲೇ ಎಲ್ಲರ ಕಿಟಕಿ ತೆರೆದಿದೆ. ಕಿಟಕಿ ಮುಚ್ಚಿದ್ದರೆ ಕಥೆಯೇ ಇಲ್ಲ!

ಇನ್ನು ಸದ್ದು. ಟೈಟಲ್ ಸಂಗೀತ ಬಿಟ್ಟರೆ ಹೆಚ್ಚೂಕಡಿಮೆ ಎಲ್ಲವೂ ಆ ವಠಾರದ್ದೇ. ಯಾರದೋ ರೇಡಿಯೋ, ಪಕ್ಕದ ಸಂಗೀತಗಾರನ ಪಿಯಾನೋ. ಈಗ ಹೆದರಬೇಕಾದ ಕಡೆಯೆಲ್ಲ 'ಢಣ್' ಅಂತ ಕಿವಿಗೆ ಹೊಡೆಯುತ್ತಾರೆ. ನನಗಂತೂ ಅದು ನಿರ್ದೇಶಕರಿಗೆ ತಮ್ಮ ದೃಶ್ಯದ ಮೇಲೆ ನಂಬಿಕೆಯಿಲ್ಲದ ಗುರುತು. ನಮ್ಮ ಸುನಿಲ್ ಕುಮಾರ್ ದೇಸಾಯಿ 1989ರಲ್ಲೇ 'ತರ್ಕ'ವನ್ನು ಒಂದೂ ಹಾಡಿಲ್ಲದೆ ತೆಗೆದವರು. ಆ ಧೈರ್ಯ ಸಣ್ಣದಲ್ಲ.

ಈಗ ನನಗೆ ತುಂಬಾ ಇಷ್ಟವಾದ ಗಳಿಗೆಗೆ ಬರುತ್ತೇನೆ. ಮಳೆ ಬಂದ ರಾತ್ರಿ ಸೇಲ್ಸ್‌ಮನ್ ಥೋರ್ವಾಲ್ಡ್ ತನ್ನ ಸ್ಯಾಂಪಲ್ ಪೆಟ್ಟಿಗೆ ಹಿಡಿದು ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಜೆಫ್ ಕಣ್ಣು ಬಿಟ್ಟುಕೊಂಡು ನೋಡುತ್ತಾನೆ. ಬೆಳಗಿನ ಜಾವಕ್ಕೆ ತೂಕಡಿಸಿ ನಿದ್ದೆ ಹೋಗುತ್ತಾನೆ. ಆಗ ಥೋರ್ವಾಲ್ಡ್ ಕಪ್ಪು ಉಡುಪಿನ ಒಬ್ಬ ಹೆಂಗಸಿನ ಜೊತೆ ಮನೆಯಿಂದ ಹೊರಡುತ್ತಾನೆ. ಜೆಫ್ ನೋಡಲಿಲ್ಲ. ನಾವು ನೋಡಿದೆವು.

ಅಲ್ಲಿಯವರೆಗೆ ನಾವು ಜೆಫ್ ಪಕ್ಕದಲ್ಲೇ ಕೂತಿದ್ದೆವು. ಅವನು ಕಂಡಷ್ಟೇ ನಮಗೂ ಕಾಣುತ್ತಿತ್ತು. ಈಗ ನಮ್ಮ ಕೈಗೆ ಒಂದು ಸುದ್ದಿ ಸಿಕ್ಕಿದೆ, ಹೇಳೋಣ ಅಂದರೆ ಅವನಿಗೆ ಕೇಳಿಸುವುದಿಲ್ಲ. ಮರುದಿನ ಅವನು "ಹೆಂಡತಿಯನ್ನು ಕೊಂದಿದ್ದಾನೆ" ಅಂದಾಗ ನಮಗೇ ಅನುಮಾನ. ಆ ಹೆಂಗಸು ಹೆಂಡತಿಯೇ ಇರಬಹುದಲ್ವಾ? ಪತ್ತೇದಾರ ಗೆಳೆಯ ಡಾಯ್ಲ್ ಕೂಡ ಅದನ್ನೇ ಹೇಳುತ್ತಾನೆ. ನಾವು ಒಳಗೊಳಗೇ ಅವನ ಕಡೆ ವಾಲುತ್ತೇವೆ. ನೋಡಿ, ಹಿಚ್‌ಕಾಕ್ ಇಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಕಣ್ಣೆದುರಿಗೇ ತೋರಿಸಿ ನಮ್ಮ ದಾರಿ ತಪ್ಪಿಸಿದರು. ಎರಡನೇ ಸಲ ನೋಡುವಾಗ ಮೋಸ ಹೋದೆ ಅನ್ನಿಸುವುದಿಲ್ಲ, ಅವರ ಕೈಚಳಕಕ್ಕೆ ನಗು ಬರುತ್ತದೆ.

ಇನ್ನೊಂದು, ಆ ಉಂಗುರ. ಪೊಲೀಸರು ಬಂದಿದ್ದಾರೆ. ಲೀಸಾ ಕೈ ಹಿಂದಕ್ಕೆ ಕಟ್ಟಿ, ಬೆರಳಿನಲ್ಲಿರುವ ಹೆಂಡತಿಯ ಉಂಗುರವನ್ನು ಜೆಫ್‌ಗೆ ತೋರಿಸುತ್ತಾಳೆ. ಥೋರ್ವಾಲ್ಡ್ ಆ ಬೆರಳು ನೋಡುತ್ತಾನೆ. ಆಮೇಲೆ ತಲೆ ಎತ್ತಿ ನೇರವಾಗಿ ಲೆನ್ಸ್ ಕಡೆ ನೋಡುತ್ತಾನೆ. ಅಷ್ಟು ಹೊತ್ತು ಕತ್ತಲಲ್ಲಿ ಕೂತು ಪಕ್ಕದ ಮನೆ ಇಣುಕಿದ ನಾವೂ ಸಿಕ್ಕಿಬಿದ್ದೆವು.

ಆಮೇಲೆ ಜೆಫ್ ಮನೆಯ ಹೊರಗೆ ಹೆಜ್ಜೆ ಸದ್ದು. ಬಾಗಿಲ ಸಂದಿಯ ಬೆಳಕು ಆರುತ್ತದೆ. ಓಡಲು ಕಾಲಿಲ್ಲ, ಕೈಯಲ್ಲಿ ಫ್ಲ್ಯಾಶ್ ಬಲ್ಬುಗಳು ಮಾತ್ರ. ಒಳಗೆ ಬಂದವನು ನೋಡಲು ರಾಕ್ಷಸನೇನಲ್ಲ, ದಣಿದ, ನರೆತ ತಲೆಯ ಸೇಲ್ಸ್‌ಮನ್. "ನನ್ನಿಂದ ನಿನಗೆ ಏನು ಬೇಕು?" ಅಂತ ಕೇಳುತ್ತಾನೆ. ದುಡ್ಡಾ, ನನ್ನ ಹತ್ರ ದುಡ್ಡಿಲ್ಲ ಅನ್ನುತ್ತಾನೆ. ಏನು ಬೇಕು ಅನ್ನುವುದಕ್ಕೆ ಜೆಫ್ ಹತ್ತಿರ ಉತ್ತರವಿಲ್ಲ. ಹಿಂದಿನ ಸಾಲಿನವರೇ, ಆಗ ನೀವೂ ಸುಮ್ಮನೇ ಇದ್ದಿರಿ.